ಹರಿಹರದ ಪಾರ್ಟಿ

ದಾವಣಗೆರೆ ಬಸ್ ನಿಲ್ದಾಣದಲ್ಲಿ ಮಾಯಕೊಂಡದ ಬಸ್ಸಿಗೆ ಕಾಯುತ್ತಿದ್ದ ಕೊಟ್ರವ್ವನ ಪಕ್ಕಕ್ಕೆ, ಮದುವೆ ಕುದುರಿಸುವ ಅಂಜಿನಪ್ಪ ಬಂದು ಕೂತ.

“ಅಕ್ಕಾ, ಹರಿಹರದ ಪಾರ್ಟಿ ಗಟ್ಟಿ ಐತೆ. ನಿಮ್ಮ ಮಗಳು ಸುಮಾನ್ನ ಒಪ್ಪೈತೆ.”

“ಮಂಡಿಯಾಗೆ ಮಾಲು ಕೊಳ್ಳೋರು ಪಾರ್ಟಿ. ಓಟು ಕೇಳೋರು ಪಾರ್ಟಿ. ಕುಡಿದು ಬೀಳೋದೂ ಪಾರ್ಟಿ. ಇವರು ಯಾವ ಪಾರ್ಟಿನಪ್ಪಾ?”

“ಬೀಗರಾಗೋರು ಕಣಕ್ಕಾ.”

“ಹಂಗಾದ್ರೆ ಹಂಗನ್ನು.”

“ಪಾರ್ಟಿ ಇನ್ನೊಂದ್ಸಲ ಹುಡುಗೀನ ನೋಡ್ಬೇಕಂತೆ. ಪೌಡರ್ ಬ್ಯಾಡಂತೆ. ಅಂಗಳದ ಬಿಸಿಲಿಗೆ ನಿಲ್ಲಿಸಿ ಬಣ್ಣ ನೋಡ್ತಾರಂತೆ.”

ಕೊಟ್ರವ್ವನಿಗೆ ಮೈಯೆಲ್ಲ ಉರಿಯಿತು. ಪಕ್ಕದ ಬೆಂಚಿನವರಿಗೂ ಕೇಳುವಂತೆ ಹೇಳಿದಳು.

“ಹುಡುಗನ್ನೂ ಕರ್ಕಂಡು ಬಾ. ಮೆಕ್ಕೆಜೋಳ ಹರವಿದಂಗೆ ಅವನ್ನೂ ಬಿಸಿಲಿಗೆ ಹರವಿ, ಜೊಳ್ಳು ಎಷ್ಟೈತೆ ಅಂತ ನಾನೂ ನೋಡ್ತೀನಿ. ಆಮ್ಯಾಲೆ ಕೊಡೋದೋ ಬಿಡೋದೋ ಹೇಳ್ತೀನಿ.”

ಬಸ್ಸು ಬಂತು. ಅವನ ಉತ್ತರಕ್ಕೆ ಕಾಯದೆ ಹತ್ತಿಬಿಟ್ಟಳು.