ಜಾರುಕಾಲುವೆಯಲ್ಲಿ ಓಗೊಟ್ಟವಳು

ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ನಗಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಇದು ಯಾರೋ ಎಲ್ಲಿಯೋ ಹೇಳಿದ್ದಲ್ಲ. ದುಬೈಯ ಕರಾಮದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಅಗಾತಾಳಿಗೆ ಆದದ್ದು.

ಹೋದ ಬೇಸಗೆ. ಅಗಾತಾ ನರ್ಸು. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿದ ನರ್ಸಮ್ಮ ನಡುರಾತ್ರಿ ಮನೆಗೆ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಟ್ಯಾಕ್ಸಿ ಹಿಡಿದು ಊರಾಚೆಯ ಜೆಬೆಲ್ ಅಲಿಗೆ ಹೋದಳು. ಗೋದಾಮುಗಳ ಹಿಂದೆ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ನಡೆದಳು. ಯಾಕೆ? ಸದ್ದಾಗಬಾರದಲ್ಲ! ಗಂಡನನ್ನು ಹಿಡಿಯಲಿಕ್ಕೆ ಹೊರಟವಳು. ರಾತ್ರಿಯಾದರೂ ಡಾಮರು ಸುಡುತ್ತಿತ್ತು. ಅವಳ ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಗಂಡ ಬೆನೆಡಿಕ್ಟ್, ನಮಗೆಲ್ಲ ಬೆನ್ನಿ, ಅಲ್ಲಿ ವಾಚ್‌ಮ್ಯಾನ್. ಕಾಯುವುದು ಎಂತದ್ದನ್ನು? ಮುಚ್ಚಿಹೋದ ಒಂದು ಪಂದ್ಯದ ಜಾಗವನ್ನು. ದೊಡ್ಡ ಶೆಡ್ಡು, ಅದರೊಳಗೆ ಮೇಲಿನಿಂದ ಸುತ್ತಿ ಸುತ್ತಿ ಇಳಿಯುವ ಸಿಮೆಂಟಿನ ಕಾಲುವೆ. ಹಿಂದೆ ಅದರಲ್ಲಿ ಮಂಜುಗಡ್ಡೆ ಕಟ್ಟಿಸಿ, ದೋಣಿಯಂಥ ಗಾಡಿಯಲ್ಲಿ ಒಬ್ಬರ ಹಿಂದೆ ಒಬ್ಬರು ಕೂತು ಜಾರುತ್ತಿದ್ದರು. ಬಾಬ್‌ಸ್ಲೆಡ್ ಅಂತೆ ಅದರ ಹೆಸರು. ಪಂದ್ಯ ನಿಂತು, ಕರೆಂಟು ಹೋಗಿ, ಮಂಜು ಕರಗಿ ವರ್ಷಗಳಾಗಿತ್ತು. ಉಳಿದದ್ದು ಒಣ ಕಾಲುವೆ, ತುಕ್ಕು ಹಿಡಿದ ಒಂದು ಗಾಡಿ, ಅಷ್ಟೆ.

ಬೆನ್ನಿ ಆ ಕೆಲಸಕ್ಕೆ ಸೇರಿದ ಮೇಲೆ ಬದಲಾದ. ಮೊದಲೆಲ್ಲ ಬಾಗಿಲಲ್ಲೇ "ಅಗಾತಾ..." ಅಂತ ಕರೆಯುವವನು. ಅಡುಗೆಮನೆಯಿಂದ ಇವಳು "ಎಂತ ನಿಂದು ರಗಳೆ?" ಅನ್ನುವವಳು. ಅವರ ಪ್ರೀತಿ ಹಾಗೆ, ಗೋಡೆಯ ಈಚೆ ನಮಗೂ ಕೇಳುತ್ತಿತ್ತು. ಈಗ ಕರೆಯುವುದೇ ಇಲ್ಲ. ಬರುತ್ತಾನೆ, ಮಲಗುತ್ತಾನೆ. ಬೆನ್ನು ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಮೀನಿನ ಹಾಗೆ.

ಒಂದು ದಿನ ಇವಳು ಕೇಳಿಯೇ ಬಿಟ್ಟಳು. "ನನ್ನ ಹೆಸರು ಮರೆತುಹೋಯಿತಾ ನಿನಗೆ?"

"ಅಲ್ಲಿ ಕರೆಯುತ್ತೇನಲ್ಲ," ಅಂದ ಅವನು, ಅರೆನಿದ್ದೆಯಲ್ಲಿ. "ಬೇಜಾರಾದಾಗ ಕಾಲುವೆಯೊಳಗೆ ನಿನ್ನ ಹೆಸರು ಕೂಗುತ್ತೇನೆ. ಅಲ್ಲಿ ನೀನು ಒಂದೇ ಕರೆಗೆ ಓ ಅನ್ನುತ್ತಿ. ಇಲ್ಲಿಯ ಹಾಗೆ ಸಿಡುಕುವುದಿಲ್ಲ."

ಜೇಜು, ಮರಿಯಮ್ಮ, ಕಾಪಾಡಿ! ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು ಅಂತ ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಕರೆಯುವವನೂ ಜಾಗ್ರತೆ ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ ನೋಡಿ. ಅಗಾತಾಳಿಗೆ ಮಾತ್ರ ದೆವ್ವದ ಯೋಚನೆಯೇ ಬರಲಿಲ್ಲ. ಯಾವಳೋ ಒಬ್ಬಳು ತನ್ನ ಹೆಸರಿನಲ್ಲಿ ತನ್ನ ಗಂಡನಿಗೆ ಓ ಅನ್ನುತ್ತಿದ್ದಾಳೆ. ಆ ಬಜಾರಿಯ ಜುಟ್ಟು ಹಿಡಿಯಬೇಕು!

ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟಳು... ತಣ್ಣಗೆ. ಏಸಿ ಇಲ್ಲ, ಎಂತದೂ ಇಲ್ಲ, ಆದರೂ ಅಂಗಾಲು ಮರಗಟ್ಟುವಷ್ಟು ತಣ್ಣಗೆ. ಕಾಲುವೆಯ ತಳದಲ್ಲಿ ಒಂದು ಟಾರ್ಚ್. ಅದರ ಬೆಳಕಿನಲ್ಲಿ ಗಾಡಿ, ಗಾಡಿಯ ಮುಂದಿನ ಸೀಟಿನಲ್ಲಿ ಬೆನ್ನಿ. ಒಬ್ಬನೇ. ಹಿಂದಿನ ಸೀಟು ಖಾಲಿ. ಅವಳಿಗೆ ಸಮಾಧಾನವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಅವನು ಕರೆದ. ಎಷ್ಟು ಮೆತ್ತಗೆ! ಮದುವೆಯ ಹೊಸದರಲ್ಲಿ ಕರೆದ ಹಾಗೆ.

"ಅಗಾತಾ..."

ಇವಳು ಬಾಯಿ ತೆರೆಯುವ ಮೊದಲೇ...

"ಓ..."

ಮೇಲಿನಿಂದ ಬಂತು. ಹೆಂಗಸಿನ ಸ್ವರ. ಆಮೇಲೆ ಸರ್ರ್... ಕಬ್ಬಿಣ ಮಂಜುಗಡ್ಡೆಗೆ ಉಜ್ಜುವ ಸದ್ದು. ತಿರುವಿನಲ್ಲಿ ಗುಡುಗುಡು. ಮತ್ತೆ ಸರ್ರ್... ಹತ್ತಿರ... ಇನ್ನೂ ಹತ್ತಿರ. ಒಣ ಸಿಮೆಂಟಿನ ಮೇಲೆ! ಕಣ್ಣಿಗೆ ಏನೂ ಕಾಣಲಿಲ್ಲ. ಗಾಡಿ ಮಾತ್ರ ಕುಯ್ಯ್ ಅಂತ ಹಿಂದಕ್ಕೆ ತಗ್ಗಿತು, ಯಾರೋ ಹತ್ತಿ ಕೂತ ಹಾಗೆ. ಬೆನ್ನಿ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದ. ಒರಗಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ಆದರೂ ಅವನು ಬೀಳಲಿಲ್ಲ.

ನೀವಾದರೆ ಓಡುತ್ತಿದ್ದಿರಿ. ಅಗಾತಾ ಸೀದಾ ಕಾಲುವೆಗೆ ಇಳಿದಳು.

"ಏಳೇ," ಅಂದಳು ಖಾಲಿ ಸೀಟಿಗೆ. ಪಿಸುಮಾತೇ, ಹಲ್ಲು ಕಚ್ಚಿಕೊಂಡು. "ಅದು ನನ್ನ ಜಾಗ. ಅವನಿಗೆ ಬಿಪಿ ಉಂಟು, ಗೊತ್ತುಂಟಾ ನಿನಗೆ? ಮಾತ್ರೆ ಕೊಡುವುದು ಯಾರು, ನೀನಾ? ಖಲಾಸ್. ಏಳು."

ಗಂಡನ ಕೈ ಹಿಡಿದು ಎಳೆದಳು. ಆ ಕಡೆಯಿಂದಲೂ ಯಾರೋ ಎಳೆದರು. ಇವಳಿಗೆ ಅಳು ಬಂದುಬಿಟ್ಟಿತು.

"ಬೆನ್ನಿ, ಇನ್ನು ಸಿಡುಕುವುದಿಲ್ಲ ಮಾರಾಯಾ... ಸಿಡುಕಿದರೂ ನಾನೇ ಅಲ್ವಾ ಸಿಡುಕುವುದು?"

ಅವನು ಕಣ್ಣು ತೆರೆದ. ಎದುರಿಗಿದ್ದ ಹೆಂಡತಿಯನ್ನು ನೋಡಿದ.

"ನೀನು ಇಲ್ಲಿದ್ದರೆ... ಹಿಂದೆ ಇರುವುದು..."

"ತಿರುಗಬೇಡ. ಏಳು."

ಅವನು ಎದ್ದ. ಗಾಡಿಯ ಹಿಂಭಾಗ ತಗ್ಗಿದ್ದು ತಗ್ಗಿದ ಹಾಗೇ ಇತ್ತು.

ಬೆನ್ನಿ ಮಾರನೆಯ ದಿನವೇ ಆ ಕೆಲಸ ಬಿಟ್ಟ. ಈಗ ಇಲ್ಲೇ ಸೂಪರ್‌ಮಾರ್ಕೆಟಿನಲ್ಲಿದ್ದಾನೆ, ಹುಷಾರಾಗಿದ್ದಾನೆ. ಆದರೆ ಆ ರಾತ್ರಿ ಹಾಕಿದ್ದ ಅಂಗಿ ಉಂಟಲ್ಲ, ಅದರ ಬೆನ್ನಿನಲ್ಲಿ ಎರಡು ಅಂಗೈ ಅಗಲದ ಒದ್ದೆ. ದುಬೈ ಬಿಸಿಲಿಗೆ ಕಂಬಳಿಯೂ ಗಳಿಗೆಯಲ್ಲಿ ಒಣಗುತ್ತದೆ. ಈ ಅಂಗಿ ಇಷ್ಟು ತಿಂಗಳಾದರೂ ಒಣಗಿಲ್ಲ. "ಎಸೆದುಬಿಡು ಮಾರಾಯ್ತಿ," ಅಂತ ನನ್ನ ಹೆಂಡತಿ ಹೇಳಿದ್ದಕ್ಕೆ ಅಗಾತಾ ಏನಂದಳು ಗೊತ್ತಾ? "ಎಸೆದರೆ ಅವಳು ತೆಗೆದುಕೊಂಡು ಹೋಗುತ್ತಾಳೆ. ನನ್ನ ಗಂಡನ ಅಂಗಿ, ಇಲ್ಲೇ ಇರಲಿ."

ಸುಳ್ಳು ಅನ್ನುವವರು ನಮ್ಮ ಬಾಲ್ಕನಿಗೆ ಬನ್ನಿ, ನಾನೇ ತೋರಿಸುತ್ತೇನೆ. ಅವರ ಹಗ್ಗದಲ್ಲಿ ಈಗಲೂ ನೇತಾಡುತ್ತಿದೆ. ಕೆಳಗೊಂದು ಬಕೆಟ್ ಇಟ್ಟಿದ್ದಾಳೆ. ದಿನಾ ಬೆಳಿಗ್ಗೆ ಅಂಗಿಯಿಂದ ತೊಟ್ಟಿಕ್ಕಿ ತುಂಬಿದ ನೀರನ್ನು ಚೆಲ್ಲುತ್ತಾಳೆ.