ಬ್ಯಾರನ್ ತೊಲೆಯ ಬಾವಲಿ

ನಂಬೋದು ಬಿಡೋದು ನಿಮಗೆ ಸೇರಿದ್ದು. ವೀರನಹೊಸಹಳ್ಳಿ ಕಡೆ ನಮ್ಮ ದೊಡ್ಡಪ್ಪನ ಮಗ ಶಶಿ ಇದ್ದಾನಲ್ಲ, ಅವನಿಗೆ ಆದದ್ದು ಇದು. ಎರಡು ಸಾವಿರದ ಮೂರನೇ ಇಸವಿ.

ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ನೇತುಹಾಕಿ ಬಿಸಿಗೆ ಒಣಗಿಸೋ ಮನೆ, ಅದೇ ಬ್ಯಾರನ್ನು, ಅದರ ಒಲೆಗೆ ಸೌದೆ ತುಂಬಿ, ತನ್ನ ಪಾಳಿ ಮುಗಿಸಿ, ರಾತ್ರಿ ಎರಡು ಗಂಟೆಗೆ ಮನೆ ಕಡೆ ಹೊರಟಿದ್ದ. ಒಬ್ಬನೇ. ದಾರಿಯಲ್ಲಿ ಹಳೇ ಬಾವಿ... ಅಲ್ಲಿ ಅವನ ಕಾಲು ನಿಧಾನವಾಯ್ತು.

ಯಾಕೆ ಅಂದರೆ, ಅವನ ಅಣ್ಣ ಚಿಕ್ಕಬೀರಯ್ಯ ಸತ್ತು ಹದಿನೇಳು ದಿನ ಆಗಿತ್ತು. ನೀರಿನ ಲೋಟ ಕಂಡರೆ ಗಂಟಲು ಹಿಡಿದುಕೊಂಡು ಒದ್ದಾಡಿ ಸತ್ತ. ಹುಚ್ಚುನಾಯಿ ರೋಗ ಅಂದರು ಮೈಸೂರಿನ ಡಾಕ್ಟ್ರು. ಅವನನ್ನು ಯಾವ ನಾಯಿಯೂ ಕಚ್ಚಿರಲಿಲ್ಲ. ಆದರೂ ಜನ ಮನೆಯ ನಾಯಿಯನ್ನೇ ಹೊಡೆದು ಕೊಂದರು. ಹಗ್ಗ ಹಿಡಿದುಕೊಂಡವನು ಶಶಿಯೇ. ಡಾಕ್ಟ್ರು ಮಾತ್ರ, ರೋಗ ಯಾವ ಪ್ರಾಣಿಯಿಂದ ಬಂತು ಅಂತ ತಿಳಿಯೋಕೆ, ಹೆಣದ ಮಿದುಳಿನ ಚೂರೊಂದನ್ನು ಬೆಂಗಳೂರಿಗೆ ಕಳಿಸಿದ್ದರು. ಉತ್ತರ ಇನ್ನೂ ಬಂದಿರಲಿಲ್ಲ.

ಕೀರ್... ಕೀರ್... ಬಾವಿಯ ರಾಟೆ ತಿರುಗಿತು. ಆಮೇಲೆ ಕೊಡ ಮುಳುಗಿದ ಸದ್ದು, ಗುಳುಗುಳು. ಕಟ್ಟೆ ಮೇಲೆ ಯಾರೋ ಬೆನ್ನು ತಿರುಗಿಸಿ ಕೂತಿದ್ದರು.

“ಶಶೀ... ನಾಯಿದೇನೂ ತಪ್ಪಿಲ್ಲ ಕಣ್ಲಾ.”

ಗಂಟಲು ಕಟ್ಟಿದ ದನಿ. ಅಣ್ಣನದೇ.

“ಮತ್ತೆ... ಯಾವ್ದಣ್ಣಾ?” ಶಶಿಯ ಬಾಯಿಂದ ಉಸಿರಷ್ಟೇ ಬಂತು.

“ಬ್ಯಾರನ್ ಗುಡಿಸ್ದಾಗ ತೊಲೆ ಮ್ಯಾಲಿಂದ ಇಡ್ಕೊಂಡ್ವಲ್ಲ... ಆ ಬಾವ್ಲಿ. ನಿಂಗೂ ಕಚ್ಚೈತೆ. ಒತ್ತಾರೆಗೇ ಆಸ್ಪತ್ರೆಗೆ ಓಗು.”

ಶಶಿ ತಲೆ ಬಗ್ಗಿಸಿ ತನ್ನ ಕೈ ನೋಡಿಕೊಂಡ. ವರ್ಷವರ್ಷ ಮೊದಲ ಬೆಂಕಿ ಹಾಕುವ ಮುಂಚೆ, ತೊಲೆ ಸಂದಿಯಲ್ಲಿ ಸೇರಿಕೊಂಡ ಸಣ್ಣ ಬಾವಲಿಗಳನ್ನು ಅಣ್ಣತಮ್ಮ ಬರಿಗೈಯಲ್ಲಿ ಹಿಡಿದು ಆಚೆ ಬಿಡುತ್ತಿದ್ದರು. ಬೆಂದು ಸತ್ತರೆ ಪಾಪ ಅಂತ, ಅಪ್ಪನ ಕಾಲದಿಂದಲೂ ಹಾಗೇ. ಈ ಸಲ ಇಬ್ಬರಿಗೂ ಮುಳ್ಳು ಚುಚ್ಚಿದ ಹಾಗಾಗಿತ್ತು. ಎಲೆಅಡಿಕೆ ಚೀಲದ ಸುಣ್ಣ ಹಚ್ಚಿ ಮರೆತಿದ್ದರು. ಹುಳ ಹಿಡಿದು ತಿನ್ನೋ, ಒಂದು ಹಿಡಿಗೂ ಸಾಲದ ಜೀವ... ಅದರಿಂದ ಹುಚ್ಚು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?

ತಲೆ ಎತ್ತಿದಾಗ ಕಟ್ಟೆ ಖಾಲಿ. ಬೆಳಿಗ್ಗೆ ಮೊದಲ ಬಸ್ಸಿಗೇ ಹೋದ. ಬಾವಲಿ ಅಂದರೆ ಆಸ್ಪತ್ರೆಯ ಡಾಕ್ಟ್ರಿಗೂ ನಂಬಿಕೆ ಬರಲಿಲ್ಲ. ಯಾವುದಕ್ಕೂ ಇರಲಿ ಅಂತ ಇಂಜೆಕ್ಷನ್ ಶುರು ಮಾಡಿದರು.

ತಿಂಗಳ ಮೇಲೆ ಬೆಂಗಳೂರಿನ ಕಾಗದ ಬಂತು. ಅಣ್ಣನ ಮಿದುಳಲ್ಲಿದ್ದದ್ದು ನಾಯಿಗಳಲ್ಲಿರೋ ರೇಬೀಸ್ ತಳಿ ಅಲ್ಲ, ಹುಳ ತಿನ್ನೋ ಬಾವಲಿಯ ತಳಿ. ಶಶಿ ಅದನ್ನು ಓದಿ, ನಾಯಿ ಕಟ್ಟುತ್ತಿದ್ದ ಗೂಟದ ಹತ್ತಿರ ಕೂತು ಅತ್ತ. ಅವತ್ತಿಂದ ಅವನು ಸರಿಯಾಗಿ ನಿದ್ದೆ ಮಾಡಿಲ್ಲ.

ಕನಸು ಕಂಡಿದ್ದಾನೆ ಅಂತೀರಾ? ಅವತ್ತು ಅವನನ್ನು ಬಸ್ ಹತ್ತಿಸಿದವನು ನಾನೇ, ಒಬ್ಬನೇ ಹೋದ. ಆಸ್ಪತ್ರೆ ಚೀಟಿಯನ್ನೂ ನನ್ನ ಕೈಯಲ್ಲೇ ಹಿಡಿದು ಓದಿದ್ದೀನಿ, ಸುಳ್ಳಲ್ಲ. ಕೆಳಗಡೆ ನರ್ಸಮ್ಮ ಬರೆದಿದ್ದಾರೆ: ಜೊತೆಗೆ ಬಂದವರು, ಅಣ್ಣ ಚಿಕ್ಕಬೀರಯ್ಯ.