ಮತದಾನ ಸಂಜೆ ಆರಕ್ಕೆ

೧೯೮೧ರ ಒಂದು ಮಧ್ಯಾಹ್ನ ಪುತ್ತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಹಾಬಲ ಮಾಸ್ತರರ ಕಿವಿಗೆ ಪಕ್ಕದ ಇಬ್ಬರ ಮಾತು ತಾನಾಗಿಯೇ ಬಿತ್ತು. ಒಬ್ಬರು ಮಂಡೆಕೋಲಿನ ಜೇನುಕೃಷಿಕ ಕುಶಾಲಪ್ಪ ಗೌಡರು. ಇನ್ನೊಬ್ಬರು ಸಂಘಸಂಸ್ಥೆಗಳಿಗೆ ಸಭೆ ಏರ್ಪಡಿಸಿಕೊಡುವುದನ್ನೇ ಕಸುಬಾಗಿಸಿಕೊಂಡ ತ್ಯಾಂಪಣ್ಣನವರು. ಗೌಡರ ಕೈಯಲ್ಲಿ ಸುಳ್ಯದಲ್ಲಿ ನಡೆಯಲಿರುವ ಜೇನು ಸಂಘದ ಮಹಾಸಭೆಯ ಆಮಂತ್ರಣಪತ್ರವಿತ್ತು.

“ಇದೆಂತದು ಮಾರಾಯ್ರೆ? ಜೇನು ಸಂಗ್ರಹ ಕೇಂದ್ರವನ್ನು ಮಂಡೆಕೋಲಿನಿಂದ ತೆಗೆಯುದೋ ಬೇಡವೋ ಎಂಬ ಮತದಾನ ಸಂಜೆ ಆರಕ್ಕಾ?”

“ಮೊದಲು ಸನ್ಮಾನ, ಮತ್ತೆ ಭಾಷಣ, ಮತ್ತೆ ತಾಳಮದ್ದಳೆ. ಆ ಕ್ರಮ ಅಧ್ಯಕ್ಷರು ಹೇಳಿದ್ದು.”

“ಸುಳ್ಯದಿಂದ ನಮ್ಮೂರಿಗೆ ಕೊನೆಯ ಬಸ್ಸು ಐದಕ್ಕೆ. ನಮ್ಮ ನಲವತ್ತು ಜನ ಮತ ಹಾಕುದು ಹೇಗೆ?”

“ಕುರ್ಚಿ, ಮೈಕು, ಊಟ, ಅಷ್ಟೇ ನನ್ನದು ಗೌಡ್ರೇ. ಮತ ನನ್ನದಲ್ಲ.”

“ಹಾಗಾದರೆ ಪತ್ರದಲ್ಲಿ ಹೊತ್ತು ಹಾಕಿದ್ದು ಯಾರು, ಮೈಕಾ?”

“ಅಧ್ಯಕ್ಷರ ಮಾತು ಮೀರಿದರೆ ಮುಂದಿನ ವರ್ಷ ನನ್ನನ್ನು ಕರೆಯುದಿಲ್ಲ.”

“ನಿಮ್ಮನ್ನು ಕರೆಯಲಿಕ್ಕೆ ಕೈ ಎತ್ತಿದ್ದು ಇಡೀ ಸಂಘ. ಅದರಲ್ಲಿ ಈ ಕೈಯೂ ಉಂಟು. ನೀವು ಯಾರ ಕೆಲಸ ಮಾಡುದು?”

ತ್ಯಾಂಪಣ್ಣನವರು ಉತ್ತರಿಸುವ ಮೊದಲೇ ಉಪ್ಪಿನಂಗಡಿಯ ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಬದಿಯಲ್ಲಿ ಕುಳಿತ ಮೇಲೆ ಹೇಳಿದರು:

“ನಿಮ್ಮ ಬಸ್ಸು ಐದಕ್ಕೆ ಅಂತ ನನಗೆ ಗೊತ್ತೇ ಇರಲಿಲ್ಲ.”

“ಗೊತ್ತಿರಲಿಲ್ವಾ? ಹೋದ ವರ್ಷ ನಮ್ಮ ಯುವಕ ಮಂಡಲದ ಸಭೆಗೆ ಅದೇ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬಂದದ್ದು ಯಾರು?”

ತ್ಯಾಂಪಣ್ಣನವರು ಕಿಟಕಿಯ ಟರ್ಪಾಲು ಕೆಳಗೆ ಎಳೆದುಕೊಂಡರು. ಹೊರಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.